ಹಂದಿಯ ದೇಹವು ವೈರಾಣುಗಳನ್ನು ಎದುರಿಸುವ ಬಗೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ನಾಲ್ಕನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ದನ, ಎಮ್ಮೆ, ಕುರಿ, ಕೋಳಿಗಳ ರೋಗಗಳು ಗ್ರಾಮಸಭೆಗಳಲ್ಲಿ ಪ್ರಸ್ತಾಪಕ್ಕೆ ಬರುತ್ತವೆ. ಹಂದಿಯ ಮಾತು ಬಂದಾಗ ಮಾತ್ರ ಚರ್ಚೆಯು ಬೀದಿ ಹಂದಿಗಳ ಕಾಟಕ್ಕಷ್ಟೇ ಸೀಮಿತವಾಗುವುದು ವಾಡಿಕೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 90 ಲಕ್ಷಕ್ಕೂ ಹೆಚ್ಚು ಹಂದಿಗಳಿವೆ. ಅವುಗಳಲ್ಲಿ ಬಹುಪಾಲು ಭೂಮಿಯಿಲ್ಲದ ಅಥವಾ ಅಲ್ಪ ಭೂಮಿಯುಳ್ಳ ಕುಟುಂಬಗಳ ಆಸ್ತಿ. ಮಗಳ ಮದುವೆ, ಮಗನ ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು ಇವೆಲ್ಲವೂ ನಾಲ್ಕಾರು ಹಂದಿಗಳ ಮೇಲೆ ನಿಂತಿರುವ ಮನೆಗಳು ಹಲವು ಗ್ರಾಮಗಳಲ್ಲಿವೆ. ಅಂತಹ ಮನೆಯ ಹಂದಿಗಳು ಒಂದೇ ವಾರದಲ್ಲಿ ಸತ್ತರೆ ಆ ಕುಟುಂಬದ ಪಾಲಿಗೆ ಅದು ಬೆಳೆ ನಾಶಕ್ಕಿಂತ ಕಡಿಮೆಯ ನಷ್ಟವಲ್ಲ.

ಹಂದಿಗಳಿಗೆ ತಗಲುವ ವೈರಾಣು ರೋಗಗಳು ಹಲವು. ಎಲ್ಲ ರೋಗಗಳಿಗೂ ಒಂದೇ ಕ್ರಮ ಸಾಲದು. ಒಂದು ರೋಗಕ್ಕೆ ಲಸಿಕೆ ಹಾಕಿಸಿದರೆ ಸಾಕಾಗುತ್ತದೆ. ಇನ್ನೊಂದಕ್ಕೆ ನಮ್ಮ ದೇಶದಲ್ಲಿ ಲಸಿಕೆಯೇ ಇಲ್ಲ. ಮತ್ತೊಂದರಲ್ಲಿ ಹಂದಿಗೆ ಹೆಚ್ಚಿನ ಅಪಾಯವಿಲ್ಲದಿದ್ದರೂ ಮನುಷ್ಯರ ಮಕ್ಕಳಿಗೆ ಅಪಾಯವಿದೆ. ಈ ವ್ಯತ್ಯಾಸಗಳಿಗೆ ಕಾರಣ ಹಂದಿಯ ದೇಹದೊಳಗೇ ಇದೆ. ಆಯಾ ವೈರಾಣುವಿಗೆ ಹಂದಿಯ ರೋಗನಿರೋಧಕ ವ್ಯವಸ್ಥೆಯು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ತಿಳಿದರೆ, ಆಯಾ ರೋಗಕ್ಕೆ ಗ್ರಾಮ ಪಂಚಾಯತಿಯು ಕೈಗೊಳ್ಳಬೇಕಾದ ಕ್ರಮ ಯಾವುದೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಈ ಪಾಠದ ಉದ್ದೇಶ ಅಷ್ಟೇ.

1. ಮೊದಲ ಕಾವಲು

ವೈರಾಣು ಎಂಬುದು ತಾನೇ ಸ್ವತಂತ್ರವಾಗಿ ಬೆಳೆಯಲಾರದ ಅತಿ ಸೂಕ್ಷ್ಮ ಕಣ. ಅದು ಪ್ರಾಣಿಯ ಜೀವಕೋಶವನ್ನು ಹೊಕ್ಕು, ಆ ಕೋಶದ ಯಂತ್ರೋಪಕರಣಗಳನ್ನೇ ಬಳಸಿಕೊಂಡು ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಹಂದಿಗಳಿಗೆ ಹೆಚ್ಚಿನ ವೈರಾಣುಗಳು ಬಾಯಿ ಮತ್ತು ಮೂಗಿನ ಮೂಲಕ, ಅಂದರೆ ಮೇವು, ಮುಸುರೆ, ಇತರ ಹಂದಿಗಳ ಜೊಲ್ಲು ಮತ್ತು ಸಿಂಬಳದ ಮೂಲಕ ತಗಲುತ್ತವೆ. ಕೆಲವು ಸೊಳ್ಳೆ, ಉಣ್ಣೆಗಳ ಕಡಿತದಿಂದಲೂ ಬರುತ್ತವೆ.

ಚರ್ಮ, ಮೂಗು ಮತ್ತು ಕರುಳಿನ ಲೋಳೆ, ಜಠರದ ಆಮ್ಲ ಇವು ದೇಹದ ಹೊರಬೇಲಿ. ಈ ಬೇಲಿಯನ್ನು ದಾಟಿದ ವೈರಾಣುವನ್ನು ಮೊದಲು ಗುರುತಿಸುವುದು ಸೋಂಕು ತಗಲಿದ ಜೀವಕೋಶವೇ. ತನ್ನೊಳಗೆ ಪರಕೀಯ ವಸ್ತುವಿದೆ ಎಂದು ತಿಳಿದ ಕೂಡಲೇ ಆ ಕೋಶವು ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗ ಆ ಮನೆಯವರು ಕೂಗಿ ಅಕ್ಕಪಕ್ಕದವರನ್ನು ಎಚ್ಚರಿಸುವಂತೆ, ಇಂಟರ್‌ಫೆರಾನ್ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಕೋಶಗಳು ವೈರಾಣು ಒಳಬಂದರೂ ಬೆಳೆಯದಂತೆ ತಮ್ಮ ಬಾಗಿಲುಗಳನ್ನು ಭದ್ರಪಡಿಸಿಕೊಳ್ಳುತ್ತವೆ.

ಇದೇ ವೇಳೆಗೆ ಭಕ್ಷಕ ಕೋಶಗಳು ಎಂಬ ದೊಡ್ಡ ಗಾತ್ರದ ರಕ್ಷಕ ಕೋಶಗಳು ಸೋಂಕಿನ ಸ್ಥಳಕ್ಕೆ ಧಾವಿಸಿ ವೈರಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುತ್ತವೆ. ಸಹಜ ಮಾರಕ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಸೋಂಕು ತಗಲಿದ ಕೋಶಗಳನ್ನು ಕೊಲ್ಲುತ್ತವೆ. ಜ್ವರ ಬರುವುದೂ ಈ ಹೋರಾಟದ ಭಾಗವೇ. ಆರೋಗ್ಯವಂತ ಹಂದಿಯ ದೇಹದ ಉಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ತೀವ್ರ ವೈರಾಣು ರೋಗಗಳಲ್ಲಿ ಇದು 41 ಡಿಗ್ರಿಯನ್ನು ದಾಟುತ್ತದೆ. ಮೇವು ಬಿಟ್ಟು, ಒಂದರ ಮೇಲೊಂದು ಒತ್ತಿಕೊಂಡು ಮಲಗಿರುವ ಹಂದಿಗಳ ದೇಹದೊಳಗೆ ಈ ಮೊದಲ ಕಾವಲು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಮೊದಲ ಕಾವಲಿಗೆ ಎರಡು ಲಕ್ಷಣಗಳಿವೆ. ಅದು ಕೆಲವೇ ಗಂಟೆಗಳಲ್ಲಿ ಎಚ್ಚರಗೊಳ್ಳುತ್ತದೆ. ಆದರೆ ಅದಕ್ಕೆ ನೆನಪಿಲ್ಲ. ಯಾವ ವೈರಾಣು ಬಂದರೂ ಅದರ ವರ್ತನೆ ಬಹುಮಟ್ಟಿಗೆ ಒಂದೇ.

2. ಎರಡನೆಯ ಕಾವಲು

ವೈರಾಣುವನ್ನು ನುಂಗಿದ ರಕ್ಷಕ ಕೋಶಗಳು ಅದರ ತುಣುಕುಗಳನ್ನು ದುಗ್ಧರಸ ಗ್ರಂಥಿಗಳಿಗೆ ಒಯ್ದು ಅಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಇವುಗಳಲ್ಲಿ ಟಿ ಕೋಶ ಮತ್ತು ಬಿ ಕೋಶ ಎಂಬ ಎರಡು ಪ್ರಮುಖ ಬಗೆಗಳಿವೆ. ಟಿ ಕೋಶಗಳಲ್ಲಿ ಕೆಲವು ಸೋಂಕಿತ ಕೋಶಗಳನ್ನು ಹುಡುಕಿ ನಾಶಪಡಿಸುತ್ತವೆ. ಕೆಲವು ಇತರ ಕೋಶಗಳಿಗೆ ಮಾರ್ಗದರ್ಶನ ನೀಡುತ್ತವೆ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯವೆಂದರೆ ಆಯಾ ವೈರಾಣುವಿಗೆ ಮಾತ್ರ ಅಂಟಿಕೊಂಡು, ಅದು ಹೊಸ ಕೋಶವನ್ನು ಪ್ರವೇಶಿಸದಂತೆ ತಡೆಯುವ ಪ್ರೋಟೀನು. ಬೀಗಕ್ಕೆ ಹೊಂದುವ ಕೀಲಿಯಂತೆ ಒಂದು ರೋಗದ ಪ್ರತಿಕಾಯವು ಆ ರೋಗಕ್ಕೆ ಮಾತ್ರ ಉಪಯುಕ್ತ.

ಈ ಎರಡನೆಯ ಕಾವಲು ಸಿದ್ಧವಾಗಲು ಒಂದರಿಂದ ಮೂರು ವಾರಗಳು ಬೇಕಾಗುತ್ತವೆ. ಆದರೆ ಒಮ್ಮೆ ಸಿದ್ಧವಾದ ಮೇಲೆ ಅದು ಶತ್ರುವನ್ನು ಮರೆಯುವುದಿಲ್ಲ. ಅದೇ ವೈರಾಣು ಮತ್ತೊಮ್ಮೆ ಬಂದರೆ ಸ್ಮೃತಿ ಕೋಶಗಳು ಕೆಲವೇ ದಿನಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರತಿಕ್ರಿಯಿಸುತ್ತವೆ. ಲಸಿಕೆಯ ತತ್ತ್ವ ಇಷ್ಟೇ: ರೋಗ ತರಲಾರದಷ್ಟು ದುರ್ಬಲಗೊಳಿಸಿದ ವೈರಾಣುವನ್ನು ಮೊದಲೇ ತೋರಿಸಿ, ನಿಜವಾದ ಶತ್ರು ಬರುವ ಮುನ್ನ ದೇಹವನ್ನು ಸನ್ನದ್ಧಗೊಳಿಸುವುದು.

3. ಗಿಣ್ಣು ಹಾಲಿನ ರಕ್ಷಣೆ

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದಲ್ಲಿರುವಾಗಲೇ ಮಗುವಿಗೆ ದೊರೆಯುತ್ತವೆ. ಹಂದಿಯಲ್ಲಿ ಹಾಗಲ್ಲ. ಹಂದಿಯ ಮಾಸಿನ ರಚನೆಯು ಪ್ರತಿಕಾಯಗಳನ್ನು ಮರಿಗೆ ಸಾಗಿಸುವುದಿಲ್ಲ. ಆದುದರಿಂದ ಹಂದಿಮರಿಯು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಇರುವುದೇ ಇಲ್ಲ ಎನ್ನಬಹುದು. ಅವು ದೊರೆಯುವುದು ಗಿಣ್ಣು ಹಾಲಿನಿಂದ ಮಾತ್ರ. ಮರಿಯ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಮೊದಲ ಒಂದು, ಒಂದೂವರೆ ದಿನ ಮಾತ್ರ; ಆ ಬಳಿಕ ಆ ಬಾಗಿಲು ಮುಚ್ಚುತ್ತದೆ. ಮೊದಲ ಗಂಟೆಗಳಲ್ಲಿ ಪ್ರತಿ ಮರಿಯೂ ಗಿಣ್ಣು ಹಾಲು ಕುಡಿಯುವಂತೆ ನೋಡಿಕೊಳ್ಳುವುದು ಖರ್ಚಿಲ್ಲದ ರೋಗನಿರೋಧಕ ಕ್ರಮ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಲಸಿಕೆ ಪಡೆದ ತಾಯಿಯ ಗಿಣ್ಣು ಹಾಲು ಕುಡಿದ ಮರಿಗೆ ಅತಿ ಬೇಗ ಲಸಿಕೆ ಹಾಕಿದರೆ, ತಾಯಿಯ ಪ್ರತಿಕಾಯಗಳು ಲಸಿಕೆಯ ವೈರಾಣುವನ್ನೇ ನಾಶಪಡಿಸುತ್ತವೆ. ಮರಿಯ ದೇಹ ಏನನ್ನೂ ಕಲಿಯುವುದಿಲ್ಲ. ಮರಿಗಳಿಗೆ ಸಾಮಾನ್ಯವಾಗಿ ಸುಮಾರು ಎರಡು ತಿಂಗಳ ವಯಸ್ಸಿನಲ್ಲಿ ಹಂದಿ ಜ್ವರದ ಲಸಿಕೆ ಹಾಕುವುದು ಈ ಕಾರಣಕ್ಕಾಗಿ.

4. ಹಂದಿ ಗೆಲ್ಲುವ ಸೋಂಕು: ಮೆದುಳು ಜ್ವರ

ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ವೈರಾಣು ಕೊಕ್ಕರೆಯಂತಹ ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ಬೆಳೆಯುತ್ತದೆ. ಭತ್ತದ ಗದ್ದೆ ಮತ್ತು ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಇದನ್ನು ಒಂದು ಜೀವಿಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ.

ಸೋಂಕು ತಗಲಿದ ಹಂದಿಯ ರಕ್ತದಲ್ಲಿ ವೈರಾಣು ಕೆಲವೇ ದಿನ ಇರುತ್ತದೆ. ಬೇಗನೆ ಪ್ರತಿಕಾಯಗಳು ತಯಾರಾಗಿ ರಕ್ತವು ಶುದ್ಧವಾಗುತ್ತದೆ, ಮತ್ತು ಆ ಹಂದಿಗೆ ದೀರ್ಘಕಾಲದ ರಕ್ಷಣೆ ಲಭಿಸುತ್ತದೆ. ಬೆಳೆದ ಹಂದಿಯಲ್ಲಿ ಬಹಳ ಸಲ ರೋಗದ ಯಾವ ಚಿಹ್ನೆಯೂ ಕಾಣುವುದಿಲ್ಲ. ಗಬ್ಬದ ಹಂದಿಗಳು ಮಾತ್ರ ಕಂದು ಹಾಕಬಹುದು ಅಥವಾ ಸತ್ತ ಮರಿಗಳನ್ನು ಈಯಬಹುದು. ಹಂದಿಯ ದೃಷ್ಟಿಯಿಂದ ಇದು ರೋಗನಿರೋಧಕ ವ್ಯವಸ್ಥೆಯ ಗೆಲುವು.

ಆದರೆ ಗೆಲುವಿಗೆ ಮುಂಚಿನ ಆ ಕೆಲವು ದಿನಗಳಲ್ಲಿ ಹಂದಿಯ ರಕ್ತದಲ್ಲಿ ವೈರಾಣುವಿನ ಪ್ರಮಾಣ ಬಹಳ ಹೆಚ್ಚಿರುತ್ತದೆ. ಆಗ ಅದನ್ನು ಕಚ್ಚಿದ ಸೊಳ್ಳೆಯು ಮುಂದೆ ಮಗುವನ್ನು ಕಚ್ಚಿದರೆ ಮಗುವಿಗೆ ಮೆದುಳು ಜ್ವರ ಬರಬಹುದು. ಮನುಷ್ಯರ ರಕ್ತದಲ್ಲಿ ವೈರಾಣು ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲವಾದ್ದರಿಂದ ರೋಗಿಯಿಂದ ಇನ್ನೊಬ್ಬರಿಗೆ ಅದು ಹರಡುವುದಿಲ್ಲ. ಹಂದಿ ಹಿಂಡಿನಲ್ಲಿ ಈ ಚಕ್ರ ನಿಲ್ಲದಿರಲು ಕಾರಣ ಹಂದಿಯ ಸಂತಾನಶಕ್ತಿ. ಹಂದಿಯ ಗರ್ಭಾವಧಿ ಸುಮಾರು 114 ದಿನ. ಒಂದು ಹಂದಿ ವರ್ಷಕ್ಕೆ ಎರಡು ಸೂಲು ಈಯಬಲ್ಲದು. ಗಿಣ್ಣು ಹಾಲಿನ ರಕ್ಷಣೆ ಕೆಲವು ತಿಂಗಳಲ್ಲಿ ಕರಗಿದೊಡನೆ ಪ್ರತಿ ಸೂಲಿನ ಮರಿಗಳೂ ವೈರಾಣುವಿಗೆ ಹೊಸ ನೆಲವಾಗುತ್ತವೆ.

ಆದುದರಿಂದ ಇಲ್ಲಿ ಪಂಚಾಯತಿಯ ಕೆಲಸ ಹಂದಿಯ ಚಿಕಿತ್ಸೆಯಲ್ಲ. ಹಂದಿ ದೊಡ್ಡಿಗಳು ವಾಸದ ಮನೆ, ಶಾಲೆ, ಅಂಗನವಾಡಿಗಳಿಂದ ದೂರವಿರುವಂತೆ ಸ್ಥಳ ಒದಗಿಸುವುದು, ದೊಡ್ಡಿಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಸೊಳ್ಳೆ ಪರದೆಯ ಬಳಕೆಯನ್ನು ಪ್ರೋತ್ಸಾಹಿಸುವುದು ಮತ್ತು ಮಕ್ಕಳಿಗೆ ಲಸಿಕೆ ಹಾಕಿಸುವುದು ಮುಖ್ಯ. ಈ ರೋಗವಿರುವ ಜಿಲ್ಲೆಗಳಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಮಕ್ಕಳಿಗೆ 9 ತಿಂಗಳು ತುಂಬಿದ ಬಳಿಕ ಒಂದು ಮತ್ತು 16 ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ನೀಡಲಾಗುತ್ತದೆ. ಕರ್ನಾಟಕದಲ್ಲಿ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಹಿಂದಿನಿಂದಲೂ ಈ ರೋಗ ವರದಿಯಾಗಿರುವುದನ್ನು ಸದಸ್ಯರು ಗಮನಿಸಬೇಕು.

5. ಲಸಿಕೆಯಿಂದ ಗೆಲ್ಲಬಹುದಾದ ಸೋಂಕು: ಹಂದಿ ಜ್ವರ

ಇಲ್ಲಿ ಒಂದು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. 2009ರಲ್ಲಿ ಜನರಲ್ಲಿ ಹರಡಿದ ಎಚ್1ಎನ್1 ಇನ್‌ಫ್ಲುಯೆಂಜಾವನ್ನು ಪತ್ರಿಕೆಗಳು ಹಂದಿ ಜ್ವರ ಎಂದು ಕರೆದವು. ಪಶುವೈದ್ಯರು ಹಂದಿ ಜ್ವರ ಎನ್ನುವುದು ಬೇರೆಯೇ ರೋಗ. ಅದಕ್ಕೆ ಕ್ಲಾಸಿಕಲ್ ಹಂದಿ ಜ್ವರ ಎಂಬ ಹೆಸರೂ ಇದೆ. ಇದು ಮನುಷ್ಯರಿಗೆ ತಗಲುವುದಿಲ್ಲ.

ಬಾಯಿಯ ಮೂಲಕ ಒಳಬಂದ ಈ ವೈರಾಣು ಮೊದಲು ಟಾನ್ಸಿಲ್‌ನಲ್ಲಿ ನೆಲೆಯೂರಿ, ಅಲ್ಲಿಂದ ದುಗ್ಧರಸ ಗ್ರಂಥಿ, ರಕ್ತ, ಗುಲ್ಮ ಮತ್ತು ಮೂಳೆಮಜ್ಜೆಗೆ ಹರಡುತ್ತದೆ. ಅದು ಆಶ್ರಯಿಸುವುದು ಬಹುಮಟ್ಟಿಗೆ ರೋಗನಿರೋಧಕ ಕೋಶಗಳನ್ನೇ. ತಾನು ಹೊಕ್ಕ ಕೋಶದಲ್ಲಿ ಇಂಟರ್‌ಫೆರಾನ್ ತಯಾರಿಕೆಗೆ ಆದೇಶ ನೀಡುವ ಪ್ರೋಟೀನನ್ನು ಈ ವೈರಾಣು ನಾಶಪಡಿಸುತ್ತದೆ. ಬೆಂಕಿ ಬಿದ್ದ ಮನೆಯವರ ಕೂಗೇ ಹೊರಗೆ ಕೇಳದಂತಾಗುತ್ತದೆ. ಜ್ವರ ಕಾಣಿಸಿಕೊಳ್ಳುವ ಹೊತ್ತಿಗೇ ರಕ್ತದಲ್ಲಿನ ಬಿಳಿ ರಕ್ತಕಣಗಳ ಸಂಖ್ಯೆ ತೀವ್ರವಾಗಿ ಕುಸಿದಿರುತ್ತದೆ. ಹೀಗೆ ಎರಡನೆಯ ಕಾವಲು ಸಿದ್ಧವಾಗುವ ಮೊದಲೇ ಅದರ ಸೈನಿಕರು ಇಲ್ಲವಾಗುತ್ತಾರೆ. ಪ್ರತಿಕಾಯಗಳು ಕಾಣಿಸಿಕೊಳ್ಳಲು ಎರಡರಿಂದ ಮೂರು ವಾರ ಬೇಕು. ತೀವ್ರ ರೋಗದಲ್ಲಿ ಹಂದಿ ಅಷ್ಟು ದಿನ ಬದುಕುವುದೇ ಕಷ್ಟ.

ಆದರೆ ಮುಂಚಿತವಾಗಿ ಲಸಿಕೆ ಪಡೆದ ಹಂದಿಯಲ್ಲಿ ಚಿತ್ರ ಸಂಪೂರ್ಣ ಬದಲಾಗುತ್ತದೆ. ಈ ವೈರಾಣುವಿನ ಹೊರ ಕವಚದ ಪ್ರೋಟೀನುಗಳ ವಿರುದ್ಧ ತಯಾರಾಗುವ ಪ್ರತಿಕಾಯಗಳು ಅದನ್ನು ನಿಜವಾಗಿಯೂ ನಿಷ್ಕ್ರಿಯಗೊಳಿಸಬಲ್ಲವು. ಲಸಿಕೆ ಪಡೆದ ಸುಮಾರು ಒಂದು ವಾರದಲ್ಲಿಯೇ, ಪ್ರತಿಕಾಯಗಳು ಪೂರ್ಣ ಪ್ರಮಾಣಕ್ಕೆ ಬರುವ ಮೊದಲೇ, ಟಿ ಕೋಶಗಳ ನೆರವಿನಿಂದ ರಕ್ಷಣೆ ಆರಂಭವಾಗುತ್ತದೆ. ದೀರ್ಘಕಾಲ ನಮ್ಮ ದೇಶದಲ್ಲಿ ಈ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸಿದ ವೈರಾಣುವಿನಿಂದ ತಯಾರಿಸಲಾಗುತ್ತಿತ್ತು. ಒಂದು ಮೊಲದ ಗುಲ್ಮದಿಂದ ದೊರೆಯುತ್ತಿದ್ದುದು ಸುಮಾರು 50 ಡೋಸ್ ಮಾತ್ರ. ಹೀಗಾಗಿ ಲಸಿಕೆಯ ಕೊರತೆ ಸಹಜವಾಗಿತ್ತು. ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ಪ್ರಯೋಗಾಲಯದ ಜೀವಕೋಶಗಳಲ್ಲಿಯೇ ಬೆಳೆಸಬಹುದಾದ ದೇಶೀ ಲಸಿಕೆಯನ್ನು ರೂಪಿಸಿ, ಅದು 2020ರಲ್ಲಿ ಬಿಡುಗಡೆಯಾಯಿತು. ಕೇಂದ್ರದ ಪಶು ಆರೋಗ್ಯ ಮತ್ತು ರೋಗ ನಿಯಂತ್ರಣ ಯೋಜನೆಯಲ್ಲಿ ಹಂದಿ ಜ್ವರದ ಲಸಿಕೆ ಸೇರಿದೆ.

ಲಸಿಕಾ ಶಿಬಿರಗಳನ್ನು ಏರ್ಪಡಿಸುವಾಗ ಎರಡು ಅಂಶಗಳನ್ನು ನೆನಪಿಡಬೇಕು. ಮೊದಲನೆಯದು, ವರ್ಷಕ್ಕೊಂದೇ ಶಿಬಿರ ನಡೆಸಿದರೆ ಆ ನಡುವೆ ಹುಟ್ಟಿದ ಎರಡು ಸೂಲುಗಳ ಮರಿಗಳಲ್ಲಿ ಹಲವು ಲಸಿಕೆಯಿಂದ ಹೊರಗುಳಿಯುತ್ತವೆ. ಶಿಬಿರಗಳ ದಿನಾಂಕವನ್ನು ಪಶುವೈದ್ಯರೊಡನೆ ಚರ್ಚಿಸಿ, ಬೆಳೆದ ಮರಿಗಳು ಬಿಟ್ಟುಹೋಗದಂತೆ ವರ್ಷದಲ್ಲಿ ಹಲವು ಬಾರಿ ಹಂಚಿಕೊಳ್ಳುವುದು ಸೂಕ್ತ. ಎರಡನೆಯದು, ಲಸಿಕೆಯಿಲ್ಲದ ತಾಯಿಗೆ ಗರ್ಭಾವಧಿಯ ಮಧ್ಯಭಾಗದಲ್ಲಿ ಸೋಂಕು ತಗಲಿದರೆ ಗರ್ಭದಲ್ಲಿರುವ ಮರಿಯ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಅದು ವೈರಾಣುವನ್ನು ತನ್ನ ದೇಹದ ಭಾಗವೆಂದೇ ಭಾವಿಸಿ ಸ್ವೀಕರಿಸುತ್ತದೆ. ಇಂತಹ ಮರಿ ಆರೋಗ್ಯವಾಗಿರುವಂತೆ ಕಾಣುತ್ತಾ, ಪ್ರತಿಕಾಯ ತಯಾರಿಸದೆ, ತಿಂಗಳುಗಟ್ಟಲೆ ವೈರಾಣುವನ್ನು ಹೊರಹಾಕುತ್ತಿರುತ್ತದೆ. ಸಂತೆಯಿಂದ ಕೊಂಡು ತಂದ ದುಂಡು ಮೈಯ ಮರಿಯೊಂದು ಇಡೀ ಹಿಂಡಿಗೆ ರೋಗ ತರುವುದು ಹೀಗೆ. ಹೆಣ್ಣು ಹಂದಿಗಳಿಗೆ ಗಬ್ಬವಾಗುವ ಮುಂಚೆಯೇ ಲಸಿಕೆ ಹಾಕಿಸುವುದರಿಂದ ಇದನ್ನು ತಡೆಯಬಹುದು.

6. ಹಂದಿ ಸೋಲುವ ಸೋಂಕು: ಆಫ್ರಿಕನ್ ಹಂದಿ ಜ್ವರ

ಹೆಸರು ಹಾಗೂ ಹೊರಲಕ್ಷಣಗಳಲ್ಲಿ ಹೋಲಿಕೆಯಿದ್ದರೂ ಇದರ ವೈರಾಣು ಹಂದಿ ಜ್ವರದ ವೈರಾಣುವಿಗೆ ಯಾವ ರೀತಿಯಲ್ಲಿಯೂ ಸಂಬಂಧಿಸಿದ್ದಲ್ಲ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಈ ರೋಗವು ಆಫ್ರಿಕಾದ ಕಾಡುಹಂದಿಗಳಲ್ಲಿಯೂ ಅವುಗಳ ಬಿಲಗಳ ಉಣ್ಣೆಗಳಲ್ಲಿಯೂ ನೆಲೆಸಿದೆ. ವಿಶೇಷವೆಂದರೆ ಅಲ್ಲಿನ ಕಾಡುಹಂದಿಗಳಿಗೆ ಇದು ಸಾಮಾನ್ಯವಾಗಿ ರೋಗ ತರುವುದಿಲ್ಲ. ಸಾಕುಹಂದಿಗಳನ್ನು ಮಾತ್ರ ಕೊಲ್ಲುತ್ತದೆ. 2007ರಲ್ಲಿ ಜಾರ್ಜಿಯಾ ದೇಶಕ್ಕೆ, 2018ರಲ್ಲಿ ಚೀನಾಕ್ಕೆ ತಲುಪಿದ ಈ ರೋಗವು 2020ರಲ್ಲಿ ಭಾರತದ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ದೃಢಪಟ್ಟಿತು. 2022ರ ಜುಲೈನಲ್ಲಿ ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹೊಂದಿಕೊಂಡಿರುವ ಕೇರಳದ ವಯನಾಡಿನಲ್ಲಿ ಕಾಣಿಸಿಕೊಂಡಿತು. ಬಳಿಕ ಕರ್ನಾಟಕದಲ್ಲಿಯೂ ವರದಿಯಾಗಿದೆ.

ಈ ವೈರಾಣು ಗಾತ್ರದಲ್ಲಿ ದೊಡ್ಡದು. 150ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಹಲವು ಹಂದಿಯ ರಕ್ಷಣೆಯನ್ನು ವಂಚಿಸಲೆಂದೇ ಇರುವಂಥವು. ಕೆಲವು ಇಂಟರ್‌ಫೆರಾನ್ ಕೂಗನ್ನು ಅಡಗಿಸುತ್ತವೆ. ಕೆಲವು ಉರಿಯೂತದ ಆದೇಶಗಳನ್ನು ತಡೆಯುತ್ತವೆ. ಕೆಲವು ಸೋಂಕಿತ ಕೋಶವು ತಾನಾಗಿ ಸತ್ತು ವೈರಾಣುವನ್ನೂ ಕೊಲ್ಲುವುದಕ್ಕೆ ಅಡ್ಡಿಪಡಿಸುತ್ತವೆ. ಎಲ್ಲಕ್ಕಿಂತ ಗಂಭೀರವಾದುದು ಅದು ನೆಲೆಸುವ ಸ್ಥಳ. ವೈರಾಣುಗಳನ್ನು ನುಂಗಿ ನಾಶಪಡಿಸಬೇಕಾದ ಭಕ್ಷಕ ಕೋಶದೊಳಗೇ ಅದು ಬೆಳೆಯುತ್ತದೆ. ಕಾವಲುಗಾರನ ಮನೆಯಲ್ಲಿಯೇ ಕಳ್ಳ ಬೀಡುಬಿಟ್ಟಂತಹ ಸ್ಥಿತಿ ಇದು. ಸೋಂಕಿತ ಭಕ್ಷಕ ಕೋಶಗಳು ಹೊರಹಾಕುವ ರಾಸಾಯನಿಕಗಳ ಪ್ರವಾಹದಿಂದ, ಸೋಂಕು ತಗಲದ ಲಿಂಫೋಸೈಟ್‌ಗಳೂ ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ. ರಕ್ತನಾಳಗಳು ಸೋರಿ ಒಳಅಂಗಗಳಲ್ಲಿ ರಕ್ತಸ್ರಾವವಾಗುತ್ತದೆ. ಗುಲ್ಮವು ಕಪ್ಪಾಗಿ ಊದಿಕೊಳ್ಳುತ್ತದೆ. ತೀವ್ರ ರೂಪದ ರೋಗದಲ್ಲಿ ಸಾವಿನ ಪ್ರಮಾಣ ಶೇ. 100ರವರೆಗೂ ಹೋಗಬಹುದು.

ಬದುಕುಳಿದ ಹಂದಿಗಳಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಆದರೆ ಅವು ಹಂದಿ ಜ್ವರದ ಪ್ರತಿಕಾಯಗಳಂತೆ ವೈರಾಣುವನ್ನು ಪೂರ್ಣವಾಗಿ ನಿಷ್ಕ್ರಿಯಗೊಳಿಸಲಾರವು. ಹಲವು ಪದರಗಳ ಕವಚ ಹೊಂದಿರುವ ಈ ವೈರಾಣು ಒಂದಕ್ಕಿಂತ ಹೆಚ್ಚು ದಾರಿಗಳಲ್ಲಿ ಕೋಶವನ್ನು ಪ್ರವೇಶಿಸಬಲ್ಲದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಸತ್ತ ವೈರಾಣುವಿನಿಂದ ತಯಾರಿಸಿದ ಲಸಿಕೆಗಳು ವಿಫಲವಾಗಲು ಇದೂ ಒಂದು ಕಾರಣ. ಜೀವಂತ ದುರ್ಬಲ ವೈರಾಣುವಿನ ಲಸಿಕೆಯನ್ನು 1960ರ ದಶಕದಲ್ಲಿ ಪೋರ್ಚುಗಲ್‌ನಲ್ಲಿ ಬಳಸಿದಾಗ ಅನೇಕ ಹಂದಿಗಳು ದೀರ್ಘಕಾಲದ ರೋಗಕ್ಕೆ ತುತ್ತಾದವು. ವಿಯೆಟ್ನಾಂ ದೇಶವು 2022ರಲ್ಲಿ ಜೀನ್ ತೆಗೆದುಹಾಕಿದ ಲಸಿಕೆಯೊಂದಕ್ಕೆ ಅನುಮತಿ ನೀಡಿದೆಯಾದರೂ, ಗ್ರಾಮಗಳಲ್ಲಿ ಬಳಸಬಹುದಾದ ಲಸಿಕೆ ಭಾರತದಲ್ಲಿಲ್ಲ. ಈ ರೋಗಕ್ಕೆ ಔಷಧವೂ ಇಲ್ಲ. ಯಾರಾದರೂ ಆಫ್ರಿಕನ್ ಹಂದಿ ಜ್ವರದ ಚುಚ್ಚುಮದ್ದು ಎಂದು ಮಾರಲು ಬಂದರೆ ಅದನ್ನು ನಂಬಬಾರದು.

ಒಟ್ಟಿನಲ್ಲಿ ಇಲ್ಲಿ ಹಂದಿಯ ದೇಹದೊಳಗಿನ ಬೇಲಿ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ದೇಹದ ಹೊರಗೆ, ಊರಿನಲ್ಲಿಯೇ ಬೇಲಿ ಹಾಕಬೇಕಾಗುತ್ತದೆ. ಆ ಬೇಲಿಯ ಹೊಣೆ ಬಹುಮಟ್ಟಿಗೆ ಗ್ರಾಮ ಪಂಚಾಯತಿಯದು.

7. ಊರಿನ ಬೇಲಿ: ಗ್ರಾಮ ಪಂಚಾಯತಿಯ ಕರ್ತವ್ಯಗಳು

ವರದಿ. ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಅಧಿನಿಯಮ, 2009ರ ಅನುಸೂಚಿಯಲ್ಲಿ ಹಂದಿ ಜ್ವರ ಮತ್ತು ಆಫ್ರಿಕನ್ ಹಂದಿ ಜ್ವರ ಎರಡೂ ಸೇರಿವೆ. ಇದರ 4ನೇ ಪ್ರಕರಣದ ಪ್ರಕಾರ, ಅನುಸೂಚಿತ ರೋಗ ತಗಲಿದೆಯೆಂದು ನಂಬಲು ಕಾರಣವಿರುವ ಪ್ರಾಣಿಯ ಮಾಲೀಕರು ಆ ಸಂಗತಿಯನ್ನು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯತಿಗೆ ತಿಳಿಸಬೇಕು. ಅಲ್ಲಿಂದ ಅದು ಸಮೀಪದ ಪಶುವೈದ್ಯರಿಗೆ ಲಿಖಿತವಾಗಿ ತಲುಪಬೇಕು. ಹಂದಿ ಜ್ವರವೋ ಆಫ್ರಿಕನ್ ಹಂದಿ ಜ್ವರವೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ತೀವ್ರ ಜ್ವರ, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪು ಅಥವಾ ನೀಲಿಗಟ್ಟುವುದು, ರಕ್ತಭೇದಿ, ಕಂದು ಹಾಕುವುದು ಎರಡರಲ್ಲಿಯೂ ಕಾಣುತ್ತವೆ. ಪ್ರಯೋಗಾಲಯದ ಪರೀಕ್ಷೆಯೇ ನಿರ್ಣಾಯಕ. ಭೋಪಾಲದಲ್ಲಿರುವ ರಾಷ್ಟ್ರೀಯ ಅಧಿಕ ಸುರಕ್ಷತಾ ಪಶುರೋಗ ಸಂಸ್ಥೆಯು ಇದಕ್ಕಾಗಿಯೇ ಇದೆ. ಹಂದಿ ಜ್ವರದ ಲಸಿಕೆ ಪಡೆದ ಹಿಂಡಿನಲ್ಲಿ ದಿಢೀರ್ ಸಾವುಗಳು ಕಂಡುಬಂದರೆ ವಿಶೇಷ ಎಚ್ಚರ ಅಗತ್ಯ. ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಮುಸುರೆ. ಆಫ್ರಿಕನ್ ಹಂದಿ ಜ್ವರದ ವೈರಾಣು ಹೆಪ್ಪುಗಟ್ಟಿಸಿದ ಮಾಂಸದಲ್ಲಿಯೂ, ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿಯೂ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಹೋಟೆಲು, ಕಲ್ಯಾಣ ಮಂಟಪ, ವಸತಿನಿಲಯಗಳ ಮುಸುರೆಯಲ್ಲಿ ಹಂದಿ ಮಾಂಸದ ಚೂರು ಇದ್ದರೆ ಅದೇ ರೋಗದ ವಾಹನ. ಮುಸುರೆಯನ್ನು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 60 ನಿಮಿಷ ಕಲಕುತ್ತಾ ಕುದಿಸಿದರೆ ವೈರಾಣು ನಾಶವಾಗುತ್ತದೆ. ಕುದಿಸದ ಮುಸುರೆಯನ್ನು ಹಂದಿಗೆ ಹಾಕಬಾರದೆಂಬುದನ್ನು ಸಾಕಣೆದಾರರ ಮನಸ್ಸಿಗೆ ಮುಟ್ಟಿಸಬೇಕು. ಪಂಚಾಯತಿಯ ಘನತ್ಯಾಜ್ಯ ವಿಲೇವಾರಿ ಘಟಕಕ್ಕೆ ಬೀದಿ ಹಂದಿಗಳು ನುಗ್ಗದಂತೆ ಬೇಲಿ ಹಾಕುವುದೂ ಇದೇ ಕ್ರಮದ ಭಾಗ.

ಸಾಗಣೆ ಮತ್ತು ಮಾರಾಟ. ಹಂದಿಗಳು ಸಾಯಲು ಆರಂಭಿಸಿದೊಡನೆ ಉಳಿದವನ್ನಾದರೂ ಮಾರಿ ನಷ್ಟ ತಗ್ಗಿಸಿಕೊಳ್ಳಬೇಕೆಂಬ ಆತುರ ಸಹಜ. ಆದರೆ ಹೊರಗೆ ಆರೋಗ್ಯವಾಗಿ ಕಾಣುವ ಹಂದಿಯ ರಕ್ತದಲ್ಲಿಯೂ ಆ ವೇಳೆಗೆ ವೈರಾಣು ಇರಬಹುದು. ರೋಗ ಒಂದು ಗ್ರಾಮದಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಇಂತಹ ಮಾರಾಟದಿಂದಲೇ. ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಪ್ರತ್ಯೇಕವಾಗಿರಿಸುವ ಪದ್ಧತಿಯನ್ನು ರೂಢಿಗೆ ತರಬೇಕು.

ಕಳೇಬರ. ಸತ್ತ ಹಂದಿಯನ್ನು ಕೆರೆ, ಕಾಲುವೆ, ತಿಪ್ಪೆ, ಕಾಡಿನಂಚಿಗೆ ಎಸೆಯುವುದು ಅತ್ಯಂತ ಅಪಾಯಕಾರಿ. ನಮ್ಮ ಕಾಡುಹಂದಿಗಳು ಆಫ್ರಿಕಾದ ಕಾಡುಹಂದಿಗಳಂತಲ್ಲ. ಅವು ಸಾಕುಹಂದಿಯ ಜಾತಿಗೇ ಸೇರಿದವು, ಈ ರೋಗದಿಂದ ಸಾಯುತ್ತವೆ ಮತ್ತು ಅದನ್ನು ಹರಡುತ್ತವೆ. ಪಶುವೈದ್ಯರ ಸಲಹೆಯಂತೆ, ನೀರಿನ ಮೂಲಗಳಿಂದ ದೂರದಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಇದಕ್ಕೆ ಸ್ಥಳವನ್ನು ರೋಗ ಬರುವ ಮೊದಲೇ ಗುರುತಿಸಿಡುವುದು ಜಾಣತನ.

ಪರಿಹಾರ. ಆಫ್ರಿಕನ್ ಹಂದಿ ಜ್ವರ ದೃಢಪಟ್ಟಲ್ಲಿ ರೋಗ ಕೇಂದ್ರದಿಂದ 1 ಕಿ.ಮೀ. ಸುತ್ತಳತೆಯನ್ನು ಸೋಂಕಿತ ವಲಯವೆಂದೂ 10 ಕಿ.ಮೀ.ವರೆಗಿನ ಪ್ರದೇಶವನ್ನು ಕಣ್ಗಾವಲು ವಲಯವೆಂದೂ ಘೋಷಿಸಿ, ಸೋಂಕಿತ ವಲಯದ ಹಂದಿಗಳನ್ನು ವಧಿಸಲಾಗುತ್ತದೆ. ಹೀಗೆ ಸರ್ಕಾರದ ಆದೇಶದಂತೆ ವಧಿಸಿದ ಹಂದಿಗಳಿಗೆ ಕೇಂದ್ರ ಮತ್ತು ರಾಜ್ಯಗಳು ಸಮಪಾಲಿನಲ್ಲಿ ಭರಿಸುವ ಪರಿಹಾರಧನದ ಅವಕಾಶವಿದೆ. ಪರಿಹಾರವಿರುವುದು ವಧಿಸಿದ ಹಂದಿಗಳಿಗೆ. ರೋಗದಿಂದ ಮೊದಲೇ ಸತ್ತವಕ್ಕಲ್ಲ. ಬೇಗ ವರದಿ ಮಾಡಿದವರಿಗೆ ಪರಿಹಾರ ಹೆಚ್ಚು, ಮುಚ್ಚಿಟ್ಟವರಿಗೆ ನಷ್ಟ ಹೆಚ್ಚು ಎಂಬ ಮಾತನ್ನು ಪ್ರತಿ ಸಾಕಣೆದಾರರಿಗೂ ಮುಂಚಿತವಾಗಿ ತಿಳಿಸಬೇಕು. ವಾರ್ಡುವಾರು ಹಂದಿಗಳ ಸಂಖ್ಯೆಯ ದಾಖಲೆ ಪಂಚಾಯತಿಯಲ್ಲಿದ್ದರೆ ಪರಿಹಾರದ ವೇಳೆ ತಕರಾರುಗಳೂ ಕಡಿಮೆಯಾಗುತ್ತವೆ.

ಸಾಮಾಜಿಕ ಎಚ್ಚರ. ಹಂದಿ ಜ್ವರ ಮತ್ತು ಆಫ್ರಿಕನ್ ಹಂದಿ ಜ್ವರ ಎರಡೂ ಮನುಷ್ಯರಿಗೆ ತಗಲುವುದಿಲ್ಲ. ರೋಗ ಕಂಡ ಮನೆಯವರನ್ನು ಬಾವಿ, ಅಂಗಡಿ, ಕೂಲಿ ಕೆಲಸಗಳಿಂದ ದೂರವಿಡುವುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಅವಮಾನದ ಭಯವಿರುವಲ್ಲಿ ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ರೋಗ ಇಡೀ ತಾಲ್ಲೂಕಿಗೆ ಹರಡುತ್ತದೆ. ಆ ಕುಟುಂಬದ ಬೆನ್ನಿಗೆ ವಾರ್ಡಿನ ಸದಸ್ಯರು ನಿಲ್ಲುವುದು ಮಾನವೀಯತೆ ಮಾತ್ರವಲ್ಲ, ರೋಗ ನಿಯಂತ್ರಣದ ಕ್ರಮವೂ ಹೌದು.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಅ. ಪಂಚಾಯತಿ ವ್ಯಾಪ್ತಿಯಲ್ಲಿ ಎಷ್ಟು ಕುಟುಂಬಗಳು ಹಂದಿ ಸಾಕುತ್ತಿವೆ? ಅವುಗಳ ಪಟ್ಟಿ ಇದೆಯೇ?

ಆ. ಕಳೆದ ಒಂದು ವರ್ಷದಲ್ಲಿ ಹಂದಿ ಜ್ವರದ ಲಸಿಕಾ ಶಿಬಿರ ಎಷ್ಟು ಬಾರಿ ನಡೆದಿದೆ? ಆ ಬಳಿಕ ಹುಟ್ಟಿದ ಮರಿಗಳಿಗೆ ಲಸಿಕೆ ದೊರೆತಿದೆಯೇ?

ಇ. ಹಂದಿಗಳಿಗೆ ಹಾಕುವ ಮುಸುರೆ ಎಲ್ಲಿಂದ ಬರುತ್ತದೆ? ಅದನ್ನು ಕುದಿಸುವ ವ್ಯವಸ್ಥೆ ಇದೆಯೇ?

ಈ. ಕಳೇಬರ ಹೂಳಲು ಗುರುತಿಸಿದ ಸ್ಥಳ ಯಾವುದು?

ಉ. ಹಂದಿ ದೊಡ್ಡಿಗಳ ಸಮೀಪದ ಮನೆಗಳ ಮಕ್ಕಳಿಗೆ ಮೆದುಳು ಜ್ವರದ ಎರಡೂ ಡೋಸ್ ಲಸಿಕೆ ಆಗಿದೆಯೇ?

ಊ. ಹಂದಿಗಳು ಸತ್ತ ಸುದ್ದಿ ಬಂದ ದಿನವೇ ಪಶುವೈದ್ಯರಿಗೆ ಲಿಖಿತ ವರದಿ ಕಳುಹಿಸುವ ಹೊಣೆ ಯಾರದು?

ಈ ಪ್ರಶ್ನೆಗಳಿಗೆ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಉತ್ತರವಿಲ್ಲದ ಕಡೆ ಮುಂದಿನ ಸಭೆಯೊಳಗೆ ಕ್ರಮ ಕೈಗೊಳ್ಳುವುದು ಅಪೇಕ್ಷಣೀಯ.